ತಲೆಪಟ್ಟಿ ನುಂಗಿದ ಮೊದಲ ಬಸ್ಸು

ಬಸ್ ಡಿಪೋದಲ್ಲಿ ಎಲ್ಲರೂ ಅವನನ್ನು ಕರೆಯುವುದು ಗೆರೆಯಣ್ಣ ಅಂತ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದಿದೆ. ಕೈಯಲ್ಲಿ ಬ್ರಷ್ಷು ಹಿಡಿದ ಕಾಲಕ್ಕೆ ಅಂಟಿಕೊಂಡ ಹೆಸರು ಅದು. ಆಗ ಪ್ರತಿ ನಿಲ್ದಾಣದಲ್ಲೂ ಒಂದು ತಗಡಿನ ಹಲಗೆ ಇರುತ್ತಿತ್ತು. ಯಾವ ಬಸ್ಸು, ಎಲ್ಲಿಗೆ, ಎಷ್ಟೊತ್ತಿಗೆ ಅಂತ ಹಲಗೆ ಹೇಳುತ್ತಿತ್ತು. ಹಲಗೆ ಏನು ಹೇಳಬೇಕೋ ಅದನ್ನು ಗೆರೆಯಣ್ಣ ಬರೆಯುತ್ತಿದ್ದ. ಸುಣ್ಣದ ಪುಡಿ ಹಚ್ಚಿದ ದಾರವನ್ನು ಎರಡು ಮೊಳೆಗೆ ಬಿಗಿದು, ನಡುವೆ ಹಿಡಿದೆತ್ತಿ ಟಪ್ಪಂತ ಬಿಟ್ಟರೆ ಸಾಕು, ಕೂದಲೆಳೆಯಷ್ಟೂ ಸೊಟ್ಟಗಾಗದ ಗೆರೆ ಬೀಳುತ್ತಿತ್ತು.

ಆಮೇಲೆ ಹೊಸ ಮ್ಯಾನೇಜರು ಬಂದರು. ಬಂದವರೇ ಹಲಗೆಗಳನ್ನೆಲ್ಲ ಕೀಳಿಸಿ ಗುಜರಿಗೆ ಹಾಕಿಸಿದರು. "ಈಗೆಲ್ಲ ಫೋನಲ್ಲೇ ಇದೆ" ಅಂದರು. ಯಾರ ಫೋನಲ್ಲಿ, ಎಂಥ ಫೋನಲ್ಲಿ ಅಂತ ಕೇಳುವ ಗಂಡಸು ಆ ಸಭೆಯಲ್ಲಿ ಒಬ್ಬನೂ ಇರಲಿಲ್ಲ. ಹೆಂಗಸರನ್ನಂತೂ ಸಭೆಗೆ ಕರೆದೇ ಇರಲಿಲ್ಲ. ವಿಚಾರಣೆಯ ಕಿಟಕಿಗೂ ಅದೇ ವಾರ ಅಗುಳಿ ಬಿತ್ತು. ಕಾರಲ್ಲಿ ಬಂದು ಕಾರಲ್ಲಿ ಹೋಗುವವರು ಬಸ್ಸಿಗೆ ಕಾಯುವವರ ಬದುಕನ್ನು ಸುಧಾರಿಸಲು ಹೊರಟರೆ ಮೊದಲು ಹೋಗುವುದು ಇಂಥವೇ.

ಗೆರೆಯಣ್ಣನ ನೌಕರಿ ಮಾತ್ರ ಉಳಿಯಿತು. ವೆಬ್ ಪುಟದಲ್ಲಿ ವೇಳಾಪಟ್ಟಿ ಹಾಕಲು ಒಬ್ಬ ಬೇಕಾಗಿತ್ತು. "ನಿನಗೆ ಬರುತ್ತಾ?" ಅಂತ ಮ್ಯಾನೇಜರು ಕೇಳಿದರು. "ಬರುತ್ತೆ ಸಾರ್" ಅಂದುಬಿಟ್ಟ. ಮನೆಗೆ ಬಂದು ಹಳೆಯ ಲ್ಯಾಪ್‌ಟಾಪೊಂದನ್ನು ಹಿಡಿದು ಅದು ಏನು ಅಂತ ಕಲಿಯಲು ಕುಳಿತ.

ಕಲಿಸಿದವರು ಯಾರೂ ಇಲ್ಲ. ವಿಡಿಯೋ ನೋಡಿದ, ನಿಲ್ಲಿಸಿದ, ಬರೆದುಕೊಂಡ, ಕೆಡಿಸಿದ, ಮತ್ತೆ ನೋಡಿದ. ಎಚ್‌ಟಿಎಮ್‌ಎಲ್‌ ಅನ್ನುವ ಪುಟ ಕಟ್ಟುವ ಭಾಷೆಯಲ್ಲಿ ಅವನು ಕಟ್ಟಿದ ಮೊದಲ ಕೋಷ್ಟಕಕ್ಕೆ ಗೆರೆಯೇ ಇರಲಿಲ್ಲ. ಅಂಕಿಗಳು ಸಂತೆಯ ಜನರ ಹಾಗೆ ಒಂದರ ಮೈಮೇಲೆ ಒಂದು ಬಿದ್ದಿದ್ದವು. ಸಿಎಸ್‌ಎಸ್‌ ಅನ್ನುವ ಅಲಂಕಾರದ ಭಾಷೆಯಲ್ಲಿ ಕೋಷ್ಟಕದ ಪ್ರತಿ ಮನೆಗೂ ಬಾರ್ಡರ್, ಅಂದರೆ ಅಂಚುಗೆರೆ, ಹಾಕಿದ. ಎಲ್ಲ ಕಡೆ ಜೋಡಿ ಗೆರೆ ಬಂತು! ಜಗಳವಾಡಿದ ಅಣ್ಣತಮ್ಮಂದಿರು ನಡುವಿನ ಒಂದು ಗೋಡೆ ಸಾಲದೆ ತಲಾ ಒಂದೊಂದು ಕಟ್ಟಿಕೊಂಡ ಹಾಗೆ. ಎರಡು ದಿನ ತಲೆ ಕೆರೆದುಕೊಂಡು, ಬಾರ್ಡರ್ ಕೊಲ್ಯಾಪ್ಸ್ ಅನ್ನುವ ಒಂದು ಸಾಲು ಬರೆದಾಗ ಎರಡು ಗೆರೆಯೂ ಸೇರಿ ಒಂದಾದವು. ಸಂತೋಷ ತಡೆಯಲಾರದೆ ಹೆಂಡತಿಯನ್ನು ಕೂಗಿದ.

"ಬಾರೇ ಇಲ್ಲಿ, ನೋಡು!"

ಹಿಟ್ಟಿನ ಕೈಯಲ್ಲೇ ಬಂದವಳು ನೋಡಿದಳು. "ಒಂದು ಗೆರೆ ಕಮ್ಮಿ ಆಗಿದ್ದಕ್ಕೆ ಇಷ್ಟು ಕೂಗಾಟವಾ? ನಾನೇನೋ ಸಂಬಳ ಜಾಸ್ತಿ ಆಯ್ತು ಅಂದ್ಕೊಂಡೆ."

ಮುಂದಿನದು ಅಷ್ಟು ಕಷ್ಟವಾಗಲಿಲ್ಲ. ಅಕ್ಷರ ಗೆರೆಗೆ ಮೂಗು ಉಜ್ಜಬಾರದು ಅಂತ ಪ್ಯಾಡಿಂಗ್ ಕೊಟ್ಟು ಉಸಿರಾಡಲು ಜಾಗ ಮಾಡಿದ. ಗಂಟೆ ನಿಮಿಷಗಳನ್ನು ಬಲಕ್ಕೆ ಒತ್ತಿ ಒಂದರ ಕೆಳಗೊಂದು ನಿಲ್ಲಿಸಿದ. ಓದುವ ಕಣ್ಣು ಅರ್ಧ ದಾರಿಯಲ್ಲಿ ಕೆಳಗಿನ ಸಾಲಿಗೆ ಜಾರದ ಹಾಗೆ ಒಂದು ಬಿಟ್ಟು ಒಂದು ಸಾಲಿಗೆ ತಿಳಿ ಬೂದು ಬಣ್ಣ ಬಳಿದ. ಉದ್ದ ಹೆಸರಿನ ನಿಲ್ದಾಣವೊಂದು ತನ್ನ ಕಂಬಸಾಲನ್ನು, ಅಂದರೆ ಮೇಲಿಂದ ಕೆಳಕ್ಕಿಳಿಯುವ ಸಾಲನ್ನು, ಊದಿಸಿ ಪಕ್ಕದವನ್ನೆಲ್ಲ ಮೂಲೆಗೆ ಒತ್ತುತ್ತಿತ್ತು; ಪ್ರತಿ ಕಂಬಸಾಲಿಗೂ ಇಷ್ಟೇ ಅಗಲ ಅಂತ ಕಟ್ಟಿಹಾಕಿದ. ಆಗ ಆ ಹೆಸರು ಹೊರಚಾಚಿ, ಇಡೀ ಪುಟ ಅಡ್ಡಡ್ಡ ತೂಗಾಡತೊಡಗಿತು. ಕೋಷ್ಟಕವನ್ನು ಸುತ್ತುವರಿದ ಹೊರಗಿನ ಡಬ್ಬಿಗೆ ಓವರ್‌ಫ್ಲೋ ಹಿಡನ್ ಅಂತ ಬರೆದ. ಹೊರಚಾಚಿದ್ದನ್ನು ಮುಚ್ಚಿಡು ಅಂತ ಅದರ ಅರ್ಥ. ತೂಗಾಟ ನಿಂತಿತು. ಎಲ್ಲಾದರೂ ಏನಾದರೂ ಮುಚ್ಚಿಟ್ಟರೆ ಅದು ಇನ್ನೆಲ್ಲೋ ಬಾಯಿಬಿಡುತ್ತದೆ ಅನ್ನುವುದು ಅವನಿಗಿನ್ನೂ ಗೊತ್ತಿರಲಿಲ್ಲ.

ಕಾಟ ಕೊಟ್ಟಿದ್ದು ತಲೆಪಟ್ಟಿ. ಎಲ್ಲಿಂದ, ಎಲ್ಲಿಗೆ, ಹೊರಡುವ ಸಮಯ, ತಲುಪುವ ಸಮಯ ಅಂತ ಕೋಷ್ಟಕದ ನೆತ್ತಿಯ ಮೇಲೆ ಕೂರುವ ಸಾಲು. ಹಲಗೆಯಲ್ಲಿ ಅದು ಬರೆದಲ್ಲೇ ಇರುತ್ತಿತ್ತು. ಫೋನಲ್ಲಿ ಹಾಗಲ್ಲ, ಬೆರಳಿನಿಂದ ತಳ್ಳಿದರೆ ಪಟ್ಟಿ ಮೇಲಕ್ಕೆ ಓಡುತ್ತದೆ, ತಲೆಪಟ್ಟಿಯೂ ಅದರ ಜೊತೆ ಓಡಿಹೋಗುತ್ತದೆ. ಹೊರಡುವುದು ಯಾವುದು, ತಲುಪುವುದು ಯಾವುದು ಅಂತ ಜನಕ್ಕೆ ಹೇಗೆ ತಿಳಿಯಬೇಕು? ತಲೆಪಟ್ಟಿ ಮೇಲೆಯೇ ನಿಲ್ಲಬೇಕು ಅಂತ ಹಟ ಹಿಡಿದ. ವಿಡಿಯೋದವರು ಸ್ಟಿಕಿ ಅಂತ ಬರೆಯಿರಿ, ಅಂಟಿಕೊಂಡು ನಿಲ್ಲುತ್ತದೆ ಅಂದರು. ಬರೆದ. ನಿಲ್ಲಲಿಲ್ಲ. ಮಧ್ಯಾಹ್ನವೆಲ್ಲ ಬರೆದು ಅಳಿಸಿ ಸಾಕಾಗಿ, ಕೊನೆಗೆ ಫಿಕ್ಸೆಡ್ ಅಂತ ಬರೆದು ಪರದೆಯ ನೆತ್ತಿಗೇ ಮೊಳೆ ಹೊಡೆದ. ಅದು ನಿಂತಿತು. ಆದರೆ ಅದು ತನ್ನ ಜಾಗ ಬಿಟ್ಟು ಮೇಲಕ್ಕೆ ಹೋದದ್ದರಿಂದ ಮೊದಲ ಸಾಲು ಅದರ ಅಡಿಗೆ ನುಗ್ಗಿತು. ತಲೆಪಟ್ಟಿ ಎಷ್ಟು ಎತ್ತರವೋ ಅಷ್ಟು ಕೆಳಕ್ಕೆ ಕೋಷ್ಟಕವನ್ನು ತಳ್ಳಿದ. ಕಚೇರಿಯ ದೊಡ್ಡ ಪರದೆಯಲ್ಲಿ ನೋಡಿದರೆ ಅಚ್ಚುಕಟ್ಟು. ಮ್ಯಾನೇಜರು ಬೆನ್ನು ತಟ್ಟಿದರು. ಆ ದಿನ ಗೆರೆಯಣ್ಣ ಮನೆಗೆ ನಡೆದುಹೋದನೋ ತೇಲಿಹೋದನೋ ಅವನಿಗೇ ನೆನಪಿಲ್ಲ.

ಅದಾದ ಮೇಲೆ ಬಸ್ಸುಗಳ ವೇಳೆ ಬದಲಾಯಿತು. ಆಸ್ಪತ್ರೆಯ ಕಡೆ ಹೋಗುವ ಮೊದಲ ಬಸ್ಸು ಇನ್ನೂ ಮುಂಚೆ, ಬೆಳಕು ಹರಿಯುವ ಮೊದಲೇ ಹೊರಡುವಂತಾಯಿತು. ನೆಲ ಒರೆಸುವವರು, ರೋಗಿಗಳ ಬಟ್ಟೆ ಒಗೆಯುವವರು, ಅಡುಗೆಮನೆಯವರು ಎಲ್ಲ ಡಾಕ್ಟರು ಬರುವ ಮೊದಲು ಅಲ್ಲಿರಬೇಕಲ್ಲ. ಗೆರೆಯಣ್ಣನ ಅತ್ತಿಗೆಯೂ ಅದೇ ಬಸ್ಸಿನವಳು. ಅಣ್ಣ ತೀರಿಕೊಂಡ ಮೇಲೆ ಇವರ ಜೊತೆಗೇ ಇದ್ದಾಳೆ. ಆಸ್ಪತ್ರೆಯ ವಾರ್ಡು ತೊಳೆಯುತ್ತಾಳೆ. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಒಂದು ಕೈ ಮೇಲು.

ಒಂದು ಸಂಜೆ ಕಾಲು ಚಾಚಿ ಕುಳಿತು ಹಿಮ್ಮಡಿ ಒತ್ತಿಕೊಳ್ಳುತ್ತ ಅಂದಳು, "ಸೋಮವಾರದಿಂದ ನಮ್ಮ ಬಸ್ಸು ನಿಲ್ಲಿಸ್ತಾರಂತೆ. ಡ್ರೈವರ್ ಹೇಳ್ದ."

"ಯಾಕೆ?"

"ಜನ ಇಲ್ವಂತೆ. ನಿಜಾನೇ, ಅಷ್ಟು ದೊಡ್ಡ ಬಸ್ಸಲ್ಲಿ ನಾನು, ಇನ್ನೊಂದಿಬ್ಬರು. ಮದುವೆ ದಿಬ್ಬಣಕ್ಕೆ ಬಂದೋರು ಓಡಿಹೋದ ಹಾಗಿರುತ್ತೆ. ನಿಂತುಹೋದ್ರೆ ನಾನಿನ್ನು ನಡ್ಕೊಂಡೇ ಹೋಗ್ಬೇಕು. ಈ ಮಂಡಿ ಇಟ್ಕೊಂಡು ಎಷ್ಟು ದಿನ? ಕೆಲಸ ಬಿಡೋದೇ ಸರಿ."

ಗೆರೆಯಣ್ಣನಿಗೆ ಒಗಟಾಯಿತು. "ಬಟ್ಟೆ ಒಗೆಯೋರು, ಅಡುಗೆಯೋರು ಎಲ್ಲ ಎಲ್ಲಿಗೆ ಹೋದ್ರು?"

"ಸಾಮಾನಿನ ವ್ಯಾನಲ್ಲಿ ಕೋಳಿಗಳ ಹಾಗೆ ತುಂಬ್ಕೊಂಡು ಬರ್ತಾರೆ. ಕೆಲವರು ನಡೀತಾರೆ. ಬಸ್ಸಿದೆ ಅಂತ ಅವರಿಗೆ ಗೊತ್ತಿದ್ರೆ ತಾನೆ? ನನಗೂ ಡ್ರೈವರ್ ಹೇಳಿದ್ದಕ್ಕೆ ಗೊತ್ತು."

"ಗೊತ್ತಿಲ್ಲ ಅಂದ್ರೆ? ಪೇಜಲ್ಲಿ ಮೊದಲನೇ ಸಾಲೇ ಅದು ಅತ್ತಿಗೆ. ಎಲ್ಲಕ್ಕಿಂತ ಮೇಲೆ ಹಾಕಿದ್ದೀನಿ!"

ಅತ್ತಿಗೆ ಸೊಂಟದಿಂದ ಫೋನು ತೆಗೆದಳು. ಅಂಗೈಯಗಲದ ಹಳೆಯ ಫೋನು, ಗಾಜಿಗೆ ಜೇಡರ ಬಲೆಯಂಥ ಬಿರುಕು. ಕಣ್ಣು ಮಂಜಾಗುತ್ತದೆ ಅಂತ ಅಕ್ಷರ ದಪ್ಪ ಮಾಡಿಸಿಕೊಂಡಿದ್ದಳು. "ತೋರಿಸಪ್ಪಾ ಮೈದುನ. ಎಲ್ಲಿದೆ ನನ್ನ ಬಸ್ಸು?"

ಅವನು ನೋಡಿದ. 'ಹೊರಡುವ ಸಮಯ' ಅನ್ನುವುದು ಇಕ್ಕಟ್ಟಿನಲ್ಲಿ ಮುರಿದು ಎರಡು ಸಾಲಾಗಿತ್ತು, 'ತಲುಪುವ ಸಮಯ' ಕೂಡ. ದೊಡ್ಡ ಪರದೆಯಲ್ಲಿ ಒಂದೇ ಸಾಲಿನ ತಲೆಪಟ್ಟಿ ಇಲ್ಲಿ ಎತ್ತರಕ್ಕೆ ಬೆಳೆದು ನಿಂತಿತ್ತು. ಅವನು ಬಿಟ್ಟಿದ್ದ ಜಾಗ ಒಂದು ಸಾಲಿಗೆ. ಮಿಕ್ಕ ತಲೆಪಟ್ಟಿ ಮೊದಲ ಸಾಲಿನ ಮೇಲೆ ಎಮ್ಮೆಯ ಹಾಗೆ ಮಲಗಿತ್ತು. ಅದರ ಕೆಳಗೆ ಕಾಣುತ್ತಿದ್ದುದು ಎರಡನೆಯ ಬಸ್ಸು, ಬಿಸಿಲೇರಿದ ಮೇಲಿನದು.

ಬೆರಳಿನಿಂದ ಕೆಳಕ್ಕೆಳೆದ.

"ಎಳೀಬೇಡ, ನಾನೂ ಎಳೆದು ನೋಡಿದ್ದೀನಿ. ಬಸ್ಸು ತಲೆ ಹೊರಗೆ ಹಾಕುತ್ತೆ, ಬೆರಳು ಬಿಟ್ಟ ಕೂಡ್ಲೆ ಒಳಗೆ ಹೋಗುತ್ತೆ. ಆಮೆ ಥರ."

ಗೆರೆಯಣ್ಣನ ಮುಖ ಸುಟ್ಟ ಬದನೆಕಾಯಿಯಾಯಿತು. ಇಷ್ಟು ದಿನ ಒಮ್ಮೆಯೂ ಅವನು ಪುಟವನ್ನು ಮನೆಯ ಇಂಥ ಫೋನಲ್ಲಿ ತೆರೆದು ನೋಡಿರಲಿಲ್ಲ. ಹಲಗೆ ಬರೆಯುವಾಗ ರಸ್ತೆಯ ಆಚೆಗೆ ಹೋಗಿ ನಿಂತು, ಮುದುಕರ ಕಣ್ಣಿಗೆ ಕಾಣುತ್ತದೆಯೇ ಅಂತ ನೋಡಿ ಬರುತ್ತಿದ್ದವನು, ಕಚೇರಿಯ ಕುರ್ಚಿಯಲ್ಲಿ ಕುಳಿತ ಮೇಲೆ ಕುರ್ಚಿಯ ಕಣ್ಣಿಂದಲೇ ನೋಡಿದ್ದ. ಕುರ್ಚಿಗೆ ಆ ಗುಣವಿದೆ. ಯಾರು ಕುಳಿತರೂ ಅದು ಬಿಡುವುದಿಲ್ಲ.

ಆ ಪರದೆಯ ಚಿತ್ರವೊಂದನ್ನು ತನ್ನ ಫೋನಲ್ಲಿ ಹಿಡಿದಿಟ್ಟುಕೊಂಡು, ಲ್ಯಾಪ್‌ಟಾಪು ತೆರೆದು ಅಲ್ಲೇ ಸರಿಪಡಿಸಲು ಕುಳಿತ. ಫಿಕ್ಸೆಡ್ ಅನ್ನು ಅಳಿಸಿದ, ಕೆಳಕ್ಕೆ ತಳ್ಳಿದ್ದ ಜಾಗವನ್ನೂ ತೆಗೆದ, ಮತ್ತೆ ಸ್ಟಿಕಿ ಬರೆದ. ಸ್ಟಿಕಿಯಾದ ತಲೆಪಟ್ಟಿ ತನ್ನ ಜಾಗ ಬಿಟ್ಟುಕೊಡುವುದಿಲ್ಲ; ಎರಡು ಸಾಲಾಗಲಿ ನಾಲ್ಕಾಗಲಿ, ಮೊದಲ ಬಸ್ಸು ಅದರ ಕೆಳಗೇ ನಿಲ್ಲುತ್ತದೆ. ಆದರೆ ಈಗಲೂ ಅದು ಅಂಟಲೊಲ್ಲದು. ಹುಡುಕುತ್ತ ಹುಡುಕುತ್ತ ಕಣ್ಣಿಗೆ ಬಿದ್ದದ್ದು ಹೊರಗಿನ ಡಬ್ಬಿಯ ಓವರ್‌ಫ್ಲೋ ಹಿಡನ್. ತಾನೇ ಹಾಕಿದ ಮುಚ್ಚಳ! ತಲೆಪಟ್ಟಿ ಪರದೆಗೆ ಅಂಟುವ ಬದಲು ಆ ಡಬ್ಬಿಗೆ ಅಂಟಿಕೊಂಡು ಅದರ ಜೊತೆಗೇ ಮೇಲೆ ಹೋಗುತ್ತಿತ್ತು. ಅದನ್ನು ಕಿತ್ತ. ಪುಟ ಮತ್ತೆ ತೂಗಾಡಿತು. ಉದ್ದ ಹೆಸರು ಎರಡನೆಯ ಸಾಲಿಗೆ ಮುರಿದು ಬೀಳಲಿ ಅಂತ ಬರೆದ ಮೇಲೆ ತೂಗಾಟವೂ ನಿಂತಿತು. ತಲೆಪಟ್ಟಿಯ ಹಿಂದೆ ಸರಿಯುವ ಸಾಲುಗಳು ಇಣುಕುತ್ತಿದ್ದವು. ಅದಕ್ಕೊಂದು ಗಟ್ಟಿ ಬಣ್ಣ ಬಳಿದ.

ಅತ್ತಿಗೆಯ ಕೈಗೆ ಫೋನು ಕೊಟ್ಟ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಬಂತು ನೋಡು ಸವಾರಿ. ನಿಂಗೆ ಒಂದು ಸಂಜೆ ಕೆಲಸ. ನಮಗೆ ಇಷ್ಟು ದಿನದ ಕಾಲುನೋವು."

 

ಊಟಕ್ಕೆ ಕುಳಿತಾಗ ಹೆಂಡತಿ ಮೆಲ್ಲಗೆ ಅಂದಳು, "ಸರಿ ಆಯ್ತಲ್ಲ, ಸುಮ್ನಿದ್ದುಬಿಡಿ. ಯಾರಿಗೂ ಗೊತ್ತಾಗಲ್ಲ. ಪೇಜಿನ ಕೆಲಸ ಹೊರಗಿನ ಕಂಪನಿಗೆ ಕೊಡೋಕೆ ನಿಮ್ಮ ಮ್ಯಾನೇಜರು ನೆಪ ಹುಡುಕ್ತಿದ್ದಾರೆ ಅಂತ ನೀವೇ ಹೇಳಿದ್ರಿ."

"ಸುಮ್ನಿದ್ರೆ ಸೋಮವಾರ ಬಸ್ಸು ನಿಲ್ಲುತ್ತೆ ಕಣೆ. ಆಮೇಲೆ ಆ ಸಾಲು ಅಳಿಸು ಅಂತ ನನಗೇ ಹೇಳ್ತಾರೆ."

ಹೆಂಡತಿ ಅತ್ತಿಗೆಯ ಕಡೆ ನೋಡಿದಳು. ಅತ್ತಿಗೆ ತಟ್ಟೆಯ ಕಡೆ ನೋಡಿದಳು.  ಹೋಗಿ ಹೇಳು ಅಂತ ಅವಳು ಕೇಳಿದ್ದರೆ ಅವನಿಗೆ ಹಗುರಾಗುತ್ತಿತ್ತು, ಅವಳಿಗೋಸ್ಕರ ಮಾಡಿದೆ ಅನ್ನಬಹುದಿತ್ತು. ಅವಳು ಕೇಳಲಿಲ್ಲ.

ಮರುದಿನ ಅವನು ಮ್ಯಾನೇಜರ ಕೋಣೆಯ ಬಾಗಿಲಲ್ಲಿ ನಿಂತ. ಮೊದಲ ಬಸ್ಸನ್ನು ನಿಲ್ಲಿಸುವ ಆದೇಶ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು.

"ಸಾರ್, ಆ ಬಸ್ಸು ನಿಲ್ಲಿಸಬೇಡಿ."

"ಜನ ಇಲ್ಲದ ಬಸ್ಸು ಓಡಿಸೋಕೆ ಇದೇನು ಧರ್ಮಛತ್ರವಾ?"

"ಜನ ಇದ್ದಾರೆ ಸಾರ್. ಬಸ್ಸಿದೆ ಅಂತ ಅವರಿಗೆ ಗೊತ್ತಿಲ್ಲ. ನಾನೇ ಮುಚ್ಚಿಟ್ಟಿದ್ದೆ."

"ಏನು ಮುಚ್ಚಿಟ್ಟಿದ್ದೆ?"

"ಬಸ್ಸನ್ನ."

ಮ್ಯಾನೇಜರು ಕನ್ನಡಕ ತೆಗೆದು ಅವನನ್ನು ನೋಡಿದರು. ಗೆರೆಯಣ್ಣ ಹಿಡಿದಿಟ್ಟಿದ್ದ ಚಿತ್ರ ತೋರಿಸಿ, ತಲೆಪಟ್ಟಿ ಹೇಗೆ ಬೆಳೆಯಿತು, ಮೊದಲ ಸಾಲು ಹೇಗೆ ಅಡಿಗೆ ಹೋಯಿತು ಅಂತ ತೊದಲುತ್ತಲೇ ಹೇಳಿದ. ಮ್ಯಾನೇಜರು ತಮ್ಮ ಫೋನು ತೆರೆದರು. "ನನ್ನ ಫೋನಲ್ಲಿ ಯಾವತ್ತೂ ಸರಿಯಾಗೇ ಕಾಣ್ತಿತ್ತಲ್ಲ?"

"ನಿಮ್ಮ ಫೋನು ಅಗಲ ಸಾರ್. ಆ ಬಸ್ಸು ಹತ್ತೋರ ಫೋನು ಅಷ್ಟು ಅಗಲ ಇರಲ್ಲ."

ಇದು ಚುಚ್ಚುಮಾತಾಗಿ ಬಂದಿರಲಿಲ್ಲ. ಇದ್ದದ್ದನ್ನು ಹೇಳಿದ್ದ. ಮ್ಯಾನೇಜರೂ ದುಷ್ಟರೇನಲ್ಲ, ಆ ಬಸ್ಸಿಗಾಗಿ ಎಂದೂ ಕಾದು ನಿಂತಿರದ ಮನುಷ್ಯ, ಅಷ್ಟೇ. ಅಷ್ಟೇ ಅನ್ನುವುದರಲ್ಲಿ ಎಷ್ಟು ಜನರ ಕಾಲು ಸವೆಯುತ್ತದೆ ಅನ್ನುವುದು ಬೇರೆ ಮಾತು. ಅವರು ಆದೇಶವನ್ನು ಪಕ್ಕಕ್ಕಿಟ್ಟು, "ಒಂದು ತಿಂಗಳು ನೋಡೋಣ" ಅಂದರು. ಅದೇ ಉಸಿರಿನಲ್ಲಿ, "ನೀನೇ ಒಪ್ಪಿಕೊಂಡ ಮೇಲೆ ಪೇಜು ನಿನ್ನ ಹತ್ರ ಬಿಡೋಕಾಗಲ್ಲಪ್ಪ. ಕಂಪನಿಯವರು ನೋಡ್ಕೋತಾರೆ. ನೀನು ಟೈರ್ ಗೋದಾಮಿಗೆ ಹೋಗು" ಅಂದರು.

ಹಲಗೆ ಕೀಳಿಸಿದವರು ಯಾರು, ವಿಚಾರಣೆಯ ಕಿಟಕಿ ಮುಚ್ಚಿಸಿದವರು ಯಾರು? ಆ ತಪ್ಪುಗಳಿಗೆ ಯಾರು ಯಾವ ಗೋದಾಮಿಗೆ ಹೋದರು? ಯಾರೂ ಇಲ್ಲ. ತಪ್ಪು ಒಪ್ಪಿಕೊಂಡವನು ಒಬ್ಬನೇ, ಹಾಗಾಗಿ ತಪ್ಪು ಮಾಡಿದವನೂ ಅವನೊಬ್ಬನೇ ಆದ.

ಬಸ್ಸಿನ ಸುದ್ದಿ ಹರಡಿದ್ದು ಪುಟದಿಂದಲ್ಲ, ಅತ್ತಿಗೆಯ ಬಾಯಿಂದ. ಬಟ್ಟೆ ಒಗೆಯುವ ಕೋಣೆಯಲ್ಲಿ ನಿಂತು, ಯಂತ್ರಗಳ ಸದ್ದನ್ನೂ ಮೀರಿಸಿ ಕೂಗಿದಳಂತೆ: "ನನ್ನ ಮೈದುನ ನುಂಗಿದ್ದ ಬಸ್ಸನ್ನ ಕಕ್ಕಿದ್ದಾನೆ, ಫೋನ್ ತೆಗೆದು ನೋಡ್ರೇ!" ನೋಡಿದರು. ಮೊದಲ ವಾರ ಕೆಲವರು, ಆಮೇಲೆ ಅಡುಗೆಮನೆಯವರೂ ಬಂದರು. ತಿಂಗಳು ತುಂಬುವ ಹೊತ್ತಿಗೆ ಆ ಆದೇಶದ ಕಾಗದ ಎಲ್ಲಿ ಹೋಯಿತು ಅಂತ ಯಾರೂ ಕೇಳಲಿಲ್ಲ. ಬಸ್ಸು ಓಡುತ್ತಲೇ ಇತ್ತು.

ಗೆರೆಯಣ್ಣನ ಬಟ್ಟೆಗೀಗ ರಬ್ಬರಿನ ವಾಸನೆ. ಗೋದಾಮಿನ ಅರೆಗತ್ತಲಲ್ಲಿ ಒಮ್ಮೊಮ್ಮೆ ಫೋನು ತೆಗೆದು ಕಂಪನಿಯವರು ಪುಟವನ್ನು ಏನು ಮಾಡಿದ್ದಾರೆ ಅಂತ ಕದ್ದು ನೋಡುತ್ತಾನೆ. ಬಣ್ಣ ಬದಲಾಗಿದೆ, ಮೇಲೊಂದು ಜಾಹೀರಾತು ಬಂದಿದೆ. ಮೊದಲ ಸಾಲು ಕಂಡರೆ ಫೋನು ಜೇಬಿಗೆ ಹಾಕಿ ಟೈರು ಉರುಳಿಸಲು ಹೋಗುತ್ತಾನೆ.

ಮೊನ್ನೆ ಸಂಜೆ ಅತ್ತಿಗೆ ಬಂದವಳೇ ಚಪ್ಪಲಿ ಕಳಚಿ ಗೊಣಗಿದಳು. "ಏನು ಜನಾನೋ! ಇವತ್ತೂ ಸೀಟು ಸಿಗ್ಲಿಲ್ಲ. ಆಸ್ಪತ್ರೆ ತನಕ ಒಂಟಿ ಕಾಲಲ್ಲಿ ನಿಂತಿದ್ದೆ, ಕೊಕ್ಕರೆ ಥರ. ಎಲ್ಲ ನಿನ್ನಿಂದಾನೇ."

"ಮತ್ತೆ ಮುಚ್ಚಿಡ್ಲಾ?" ಅಂದ ಗೆರೆಯಣ್ಣ.

"ಮುಚ್ಚಿಟ್ಟು ನೋಡು," ಅಂದಳು ಅತ್ತಿಗೆ, "ಆ ಬಸ್ಸಿನ ಹೆಂಗಸರೆಲ್ಲ ಸೇರಿ ನಿನ್ನನ್ನ ಟೈರೊಳಗೆ ಹಾಕಿ ಉರುಳಿಸ್ತೀವಿ."