ಅಜ್ಜಿಯ ನೆಟ್ಟಗಿನ ತೆಂಗು

ಭಾನುವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ತಮಿಳು ಗಡಿಯ ಮತ್ತಿಗಿರಿಯ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದವನು ಉಗಿಯಲೆಂದು ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ. ನಾನು ನಿಂತಿದ್ದಲ್ಲಿಗೆ ಧಡ್ ಅಂತ ತೆಂಗಿನಕಾಯಿ ಬಿತ್ತು. ಅಲ್ಲಿದ್ದ ಬಕೆಟ್ಟು ಎರಡು ಹೋಳಾಯಿತು. ಆ ಒಂದು ಹೆಜ್ಜೆಯನ್ನು ಮನಸ್ಸಿನಲ್ಲಿ ಈಗಲೂ ದಿನಕ್ಕೆ ಹತ್ತು ಸಲ ಇಡುತ್ತೇನೆ. ಕೆಲವು ಸಲ ಇಡುವುದು ಮರೆತುಹೋಗುತ್ತದೆ.

ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ಇಣುಕಿದರು.

“ಕಾಯಿ ಒಡೆದೋಯ್ತೇನ್ಲಾ?”

“ನಾನು ಬದುಕಿದೀನಿ ಅಜ್ಜಿ.”

“ಅದು ಕಾಣ್ತದಲ್ಲ. ನಾ ಕೇಳಿದ್ದು ಕಾಯಿ.”

ಮರ ಅಜ್ಜಿಯದು. ಅದರ ತಲೆ ಮಾತ್ರ ನಮ್ಮ ಮಲಗುವ ಕೋಣೆಯ ಸಿಮೆಂಟ್ ಶೀಟಿನ ಮೇಲೆ. ವಾಲಿದೆ ಎಂದರೆ ಅಜ್ಜಿ ನನ್ನನ್ನು ತಮ್ಮ ಅಂಗಳಕ್ಕೆ ಕರೆದು ತೋರಿಸುವರು. “ಎಲ್ಲಿ ವಾಲೈತೆ? ನೆಟ್ಟಗೈತಲ್ಲ!” ಅಲ್ಲಿಂದ ನಿಜಕ್ಕೂ ನೆಟ್ಟಗೆ ಕಾಣುತ್ತಿತ್ತು, ಏಕೆಂದರೆ ಅದು ಅವರಿಗೆ ಬೆನ್ನು ಮಾಡಿ ಸೀದಾ ನಮ್ಮ ಕಡೆಗೇ ವಾಲಿತ್ತು. ಕಡಿಸಿ ಎನ್ನುವಂತಿರಲಿಲ್ಲ. ಇಲ್ಲಿಯವರು ತೆಂಗಿನ ಸಸಿಯನ್ನು ತಮಿಳಲ್ಲಿ ಪಿಳ್ಳೈ ಅನ್ನುತ್ತಾರೆ, ಅಂದರೆ ಮಗು. ಅಜ್ಜಿಗಂತೂ ಈ ಮರ ಮಗನೇ. ಕಾಯಾದರೂ ಕೀಳಿಸಿ ಎಂದೆ. “ತಾನಾಗೇ ಬಿದ್ದ ಕಾಯೇ ಕೊಬ್ಬರಿಗೆ ಸರಿ ಕಣ್ಲಾ.”

ನಾನು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಮರುದಿನದಿಂದ ಹೆಲ್ಮೆಟ್ ಹಾಕಿಕೊಂಡೇ ಹಲ್ಲುಜ್ಜಿದೆ. ಆಮೇಲೆ ಕಾರ್ಖಾನೆಯ ಹಳೆಯ ನೈಲಾನ್ ಬಲೆಯೊಂದನ್ನು ಕೇಳಿ ತಂದು, ಮರಕ್ಕೂ ನಮ್ಮ ಟ್ಯಾಂಕಿನ ಕಂಬಗಳಿಗೂ ಬಿಗಿದೆ. ಬಲೆ ಅದ್ಭುತವಾಗಿ ಕೆಲಸ ಮಾಡಿತು. ಬಿದ್ದ ಕಾಯೆಲ್ಲ ಅದರಲ್ಲೇ ಉಳಿದವು. ಅವನ್ನು ಇಳಿಸುವುದು ಹೇಗೆಂದು ಮಾತ್ರ ನಾನು ಯೋಚಿಸಿರಲಿಲ್ಲ. ಶೀಟಿನ ಮೇಲೆ ಕಾಲಿಟ್ಟರೆ ಶೀಟೇ ಮುರಿಯುತ್ತದೆ. ಎರಡು ವಾರಕ್ಕೆ ಒಂಬತ್ತು ಕಾಯಿ, ಎರಡು ಒಣಗರಿ ಸೇರಿ ಬಲೆ ನಮ್ಮ ಮಂಚದ ನೇರಕ್ಕೆ ಜೋತುಬಿತ್ತು. ಗಾಳಿ ಬಂದರೆ ಕಿರ್ರ್ ಅನ್ನುತ್ತಿತ್ತು.

“ಮೊದ್ಲು ಒಬ್ಬೊಬ್ಬರಾಗಿ ಸಾಯೋ ಹಾಗಿತ್ತು,” ಎಂದಳು ಹೆಂಡತಿ. “ಈಗ ಜೋಡಿಯಾಗಿ ಹೋಗಬಹುದು.”

ಇಬ್ಬರೂ ನಿದ್ದೆ ಬಿಟ್ಟೆವು. ಕೊನೆಗೆ ಅವಳೇ ಒಂದು ಮಧ್ಯಾಹ್ನ ಅಜ್ಜಿಯನ್ನು ಊಟಕ್ಕೆ ಕರೆದಳು. ಮುದ್ದೆ, ಬಸ್ಸಾರು. ಉಂಡ ಮೇಲೆ ಅಜ್ಜಿಗೆ ಅಡ್ಡಾಗುವ ಅಭ್ಯಾಸ. ನಮ್ಮ ಮಂಚದ ಮೇಲೆಯೇ ಅಡ್ಡಾದರು. ಗಾಳಿ ಬೀಸಿತು. ಕಿರ್ರ್.

“ಏನ್ಲಾ ಅದು?”

“ನಿಮ್ಮ ಮರ, ಅಜ್ಜಿ.”

ಅಜ್ಜಿ ಎದ್ದು ಕಿಟಕಿಯಿಂದ ಕತ್ತೆತ್ತಿ ನೋಡಿದರು. ಇಷ್ಟು ವರ್ಷದಲ್ಲಿ ಈ ಕಡೆಯಿಂದ ಅವರು ಅದನ್ನು ನೋಡಿದ್ದೇ ಇಲ್ಲ. “ಅಯ್ಯೋ, ಇಂಗಾ ಬಗ್ಗೈತೆ ನನ್ ಮಗ!” ಎಂದವರೇ ಚಪ್ಪಲಿ ಬಿಟ್ಟು ಹೊರಗೋಡಿದರು. ಸೂಳಗಿರಿಯ ಮರ ಹತ್ತುವವನಿಗೆ ಫೋನ್ ಹೋಯಿತು. ಅವನು ನಾಳೆಯೇ ಬರುತ್ತೇನೆಂದ. ನಾಳೆ ಶುಕ್ರವಾರ, ಮಗನಿಗೆ ಕತ್ತಿ ತೋರಿಸಬಾರದು ಎಂದರು ಅಜ್ಜಿ. ಹಾಗಾಗಿ ಇನ್ನೊಂದು ರಾತ್ರಿ ಕಿರ್ರ್ ಕೇಳಿದೆವು.

ಶನಿವಾರ ಅವನು ಬಲೆ ಬಿಚ್ಚಿ, ಕಾಯಿ, ಒಣಗರಿ ಎಲ್ಲ ಇಳಿಸಿದ. ನಲವತ್ತು ದಿನಕ್ಕೊಮ್ಮೆ ಕಾಯಿ ಕೀಳಿಸುವುದೆಂದು ಅಜ್ಜಿ ಒಪ್ಪಿದರು. ಆದರೂ ಮೂರು ರಾತ್ರಿ ನಾನು ಇಲ್ಲದ ಧಡ್‌ಗೆ ಕಾಯುತ್ತ ಎಚ್ಚರವಾಗೇ ಮಲಗಿದ್ದೆ. ನಾಲ್ಕನೆಯ ರಾತ್ರಿ ಕಣ್ಣು ಹತ್ತಿತು. ಬುಧವಾರ ಬೆಳಿಗ್ಗೆ ಯಾರೋ ಬಾಗಿಲು ಗುದ್ದುತ್ತಿದ್ದರು. ಒಂಬತ್ತು ಗಂಟೆ. ಹೊರಗೆ ಅಜ್ಜಿ, ಕೈಯಲ್ಲಿ ನಮ್ಮ ಹಾಲಿನ ಪ್ಯಾಕೆಟ್ಟು.

“ಸತ್ತೋದ್ರೇನೋ ಅಂತ ಹೆದರ್‌ಬುಟ್ಟೆ ಕಣ್ಲಾ!”