ಉಪ್ಪುನೀರು ಹುಡುಕುವ ಮೊದೀನ್ ಸಾಬರು

ಮೊದೀನ್ ಸಾಬರ ಅಜ್ಜ ಬಳ್ಳಿಗಾವಿಯಲ್ಲಿ ಎಂದೂ ಬತ್ತದ ಬಾವಿ ತೋಡಿದವರು. ಅಪ್ಪ ತಮಿಳುಸೀಮೆಯ ಅರಿಯಲೂರಿಗೆ ಬಾವಿ ಕೆಲಸಕ್ಕೆ ಹೋಗಿ, ಅಲ್ಲಿನ ಮಣ್ಣಿನಲ್ಲಿ ಸಿಕ್ಕ ಮೂರು ಮೂಲೆಯ ಕಲ್ಲೊಂದನ್ನು ಸಿಡಿಲಿನ ಚೂರೆಂದು ಶಿಕಾರಿಪುರಕ್ಕೆ ತಂದವರು. ಅದು ಸಿಡಿಲಲ್ಲ, ಶಾರ್ಕ್ ಮೀನಿನ ಹಲ್ಲು ಕಲ್ಲಾದದ್ದು ಎಂದು ಗುರುತಿಸಿದವಳು ಕಡಲೂರು ಭಟ್ಕಳದಿಂದ ಸಾಬರ ಹೆಂಡತಿಯಾಗಿ ಬಂದ ಜೈನಾಬ್. ಅಂದಿನಿಂದ ಮೊದೀನ್ ಸಾಬರು ಶಿಕಾರಿಪುರ, ಸೊರಬ ಎರಡೂ ಸೀಮೆಯಲ್ಲಿ ಬಾವಿ ತೋಡುವುದು ನೀರಿಗಲ್ಲ, ಸಮುದ್ರಕ್ಕೆ. ಮೇಲೆ ಬಂದ ಮಣ್ಣನ್ನೆಲ್ಲ ಅಕ್ಕಿ ಆರಿಸಿದ ಹಾಗೆ ಆರಿಸುತ್ತಾರೆ. ಸೆಲೆ ಒಡೆದರೆ ನಾಲಿಗೆಗೆ ಹಚ್ಚಿ ಉಪ್ಪು ನೋಡುತ್ತಾರೆ. ಸಿಹಿನೀರು ಬಂತೆಂದು ಮನೆಯವರು ಬೆಲ್ಲ ಹಂಚುವಾಗ ಇವರ ಮುಖ ಸಾವಿನ ಮನೆಯ ಹಾಗಿರುತ್ತದೆ. “ಏನ್ರೀ ಸಾಬ್ರೆ, ನಮ್ಮ ಬಾವಿ ಉಪ್ಪಾಗ್ಲಿ ಅಂತ ಹರಕೆ ಹೊತ್ತೀರೇನು?” ಎಂದು ಕುಪ್ಪಗಡ್ಡೆಯ ವರದಮ್ಮ ಛೇಡಿಸಿದ್ದೂ ಉಂಟು. ಶೇಷಪ್ಪ ಮೇಷ್ಟ್ರು ಪುಸ್ತಕ ನೋಡಿ, “ಈ ಹಲ್ಲು ಅರಿಯಲೂರು, ಕಚ್ಛ್ ಕಡೆ ಸಿಗ್ತದೆ. ನಮ್ಮ ನೆಲದ ಬಂಡೆ ಮೀನು ಹುಟ್ಟೋ ಮುಂಚಿನದು, ಇಲ್ಲಿ ಸಿಗಲ್ಲ” ಎಂದರೂ ಕೇಳಲಿಲ್ಲ. ಮದುವೆಯಾದ ಹೊಸತರಲ್ಲಿ ಜೈನಾಬ್ ಅಲೆಯ ಸದ್ದಿಲ್ಲದೆ ನಿದ್ದೆ ಬಾರದು ಎಂದು ಅತ್ತಾಗ, “ನಿನ್ನ ಸಮುದ್ರ ಇಲ್ಲಿಗೂ ಬಂದಿತ್ತು, ಹಲ್ಲು ತೆಗೆದು ತೋರಿಸ್ತೀನಿ” ಎಂದು ಮಾತು ಕೊಟ್ಟಿದ್ದರಂತೆ. ಏಕೀಕರಣವಾಗಿ ಭಟ್ಕಳವೂ ನಮ್ಮ ರಾಜ್ಯಕ್ಕೆ ಸೇರಿದ ಮರುವರ್ಷ ಆಕೆ ತೀರಿಕೊಂಡಳು. ಗೋರಿಯ ಗುಂಡಿಯನ್ನು ಸಾಬರೇ ತೋಡಿದರು. ಆ ಮಣ್ಣನ್ನೂ ಆರಿಸಿದರು. ನೋಡಲಾರದೆ ಮೇಷ್ಟ್ರು, ಅರಿಯಲೂರಿನಿಂದ ಇನ್ನೊಂದು ಹಲ್ಲು ತರಿಸಿಕೊಡುತ್ತೇನೆ, ಆಕೆಯ ಗೋರಿಯ ಮೇಲಿಡಿ ಎಂದರು. ಸಾಬರು ಕೈಯ ಮಣ್ಣು ಒದರಿಕೊಂಡು, “ಬ್ಯಾಡ್ರಿ ಮೇಷ್ಟ್ರೇ. ಪರವೂರಿನ ಹಲ್ಲು ನಮ್ಮ ಮನೇಲೇ ಐತಿ. ನಾನು ಆಕಿಗೆ ಹೇಳಿದ್ದು ಈ ಊರಿಂದು” ಎಂದರು.