ನಡುವೆ ಬಾಯಿ ಹಾಕುವ ಅರ್ಹತೆ

ಎಂ.ಬಿ.ಎ. ಪ್ರವೇಶಕ್ಕೆ ಪದವಿ ಮತ್ತು ಲಿಖಿತ ಪರೀಕ್ಷೆಯ ಜೊತೆಗೆ ಗುಂಪು ಚರ್ಚೆಯೂ ಉಂಟೆಂದು ನನಗೆ ತಿಳಿದದ್ದು ನಂಜನಗೂಡಿನ ಒಂದು ತರಬೇತಿ ಕೇಂದ್ರದಲ್ಲಿ. ಕನ್ನಡ ಎಂ.ಎ. ಮುಗಿಸಿದ ಹೊಸದರಲ್ಲಿ ಅಲ್ಲಿ ಭಾಷಣ ಕಲೆ ಹೇಳಿಕೊಡಲು ಹೋಗುತ್ತಿದ್ದೆ. ಕವಲಂದೆಯ ನಾಗರತ್ನ ಎಂಬ ವಿದ್ಯಾರ್ಥಿನಿ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿಯೂ ಚರ್ಚೆಯಲ್ಲಿ ಸೋತು ಎರಡು ಕಾಲೇಜುಗಳ ಸೀಟು ಕಳೆದುಕೊಂಡಿದ್ದಳು. ಇನ್ನುಳಿದದ್ದು ಒಂದೇ ಕಾಲೇಜು.

“ಯಾಕಮ್ಮ, ಬಾಯೇ ಬಿಡಲಿಲ್ವಂತೆ?” ಎಂದು ಕೇಂದ್ರದ ಮುಖ್ಯಸ್ಥರು ಕೇಳಿದರು.

“ಅವ್ರು ಮಾತಾಡ್ತಿದ್ರಲ್ಲ ಸಾ. ಮುಗೀಲಿ ಅಂತ ಕಾಯ್ತಿದ್ದೆ.”

“ಅದು ಮುಗಿಯೋದೇ ಇಲ್ಲ ಕಣಮ್ಮ. ಮಧ್ಯೆ ಬಾಯಿ ಹಾಕೋರಿಗೇ ಮಾರ್ಕ್ಸು. ಈಗ ಮೇಷ್ಟ್ರು ಮಾತಾಡ್ತಾರೆ, ನೀನು ಬಾಯಿ ಹಾಕು. ಮೊದ್ಲು ಕನ್ನಡದಲ್ಲಿ ಕಲಿ, ಇಂಗ್ಲಿಷಲ್ಲಿ ತಾನಾಗೇ ಬತ್ತದೆ.”

ನಾನು ದಂಗಾದೆ. ನಮ್ಮ ಮನೆಗಳಲ್ಲಿ ಯಾವ ತಪ್ಪಿಗೆ ಮಕ್ಕಳ ತಲೆಗೆ ಮೊಟಕುತ್ತಾರೋ ಅದಕ್ಕೇ ಇಲ್ಲಿ ಅಂಕ ಕೊಡುತ್ತಿದ್ದರು. ಆದರೂ ಅವಳ ಮುಖ ನೋಡಿ ಎದ್ದು ನಿಂತು, “ಪರರ ಮಾತನ್ನು ತಾಳ್ಮೆಯಿಂದ ಆಲಿಸುವ ಸಂಸ್ಕಾರವನ್ನು ನಾವು ಎಂದೆಂದಿಗೂ...” ಎಂದು ಆರಂಭಿಸಿದೆ.

“ಸುಮ್ಕಿರಿ ಸಾ, ಆಲಿಸ್ಕೊಂಡೇ ಎಲ್ಡು ಸೀಟು ಓಯ್ತು,” ಎಂದಳು ನಾಗರತ್ನ. ಹೇಳಿದವಳೇ ಗಾಬರಿಯಿಂದ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. ಮುಖ್ಯಸ್ಥರು ಸಂತೋಷದಿಂದ ಮೇಜು ತಟ್ಟಿದರು.

ಮೂರನೆಯ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತು. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬರುವುದರಿಂದ, ಆ ಸಂಸ್ಕಾರವನ್ನು ಉಳಿಸಿಕೊಳ್ಳಬೇಕೆಂದು ನಾನು ಹೇಳಹೊರಟಿದ್ದೆನೋ ಬಿಟ್ಟುಬಿಡಬೇಕೆಂದೋ, ಅಂದು ಕೇಂದ್ರದಲ್ಲಿದ್ದ ಯಾರಿಗೂ ಗೊತ್ತಾಗಲಿಲ್ಲ.